ಮಕ್ಕಿಕಾಮಕ್ಕಿ ಇಳಿಸಿ, ಹೆಸರನ್ನು ಮಾತ್ರ ಊಹಿಸಬೇಡಿ

ಇಪ್ಪತ್ತು ವರ್ಷ ಫಾರ್ಮಸಿ ಕೌಂಟರಿನ ಹಿಂದೆ ನಿಂತವಳು ನಾನು. ಡಾಕ್ಟರುಗಳ ಕೋಳಿಕಾಲಕ್ಷರ ಓದಿ ಓದಿ, ನನಗೆ ಓದೋಕೆ ಬಾರದ ಕೈಬರಹವೇ ಇಲ್ಲ ಅನ್ನುವ ಜಂಬ ಇತ್ತು. ಅದು ಇಳಿದದ್ದು ಒಂದು ಫೆಬ್ರವರಿ ರಾತ್ರಿ, ಅಮೆರಿಕದ ಹಳೇ ಕೈಬರಹದ ಕಾಗದಗಳನ್ನು ನೋಡಿ ಟೈಪ್ ಮಾಡಿಕೊಡುವ ಬಿಟ್ಟಿ ಸೇವೆಗೆ ಕೂತಾಗ, 1866ರ ಒಂದು ಕಾಗದದ ಮುಂದೆ. ಬರೀ ಹದಿನಾಲ್ಕು ಸಾಲು. ಟೈಪ್ ಮಾಡೋಕೆ ಎರಡು ಗಂಟೆ ಹಿಡಿಯಿತು. ಎರಡು ದಿನ ಬಿಟ್ಟು ನೋಡಿದರೆ ಇನ್ಯಾರೋ ಅದನ್ನು ಪರಿಶೀಲಿಸಿ ಒಂಬತ್ತು ಕಡೆ ತಿದ್ದಿದ್ದರು. ಎಂಟು ಸಣ್ಣಪುಟ್ಟ ತಪ್ಪು. ಒಂಬತ್ತನೆಯದು ಒಬ್ಬ ಮನುಷ್ಯನ ಹೆಸರು. ನಾನು ‘ಲ್ಯಾಮ್’ ಅಂತ ಬರೆದಿದ್ದೆ. ಅವನು ಸ್ಯಾಮ್.

ಲ್ಯಾಮ್ ಅಂತ ಯಾರಾದರೂ ಹೆಸರಿಡ್ತಾರಾ ಅನ್ನುವ ಪ್ರಶ್ನೆಯೇ ನನಗೆ ಹುಟ್ಟಿರಲಿಲ್ಲ. ಹಳೇ ಕಾಲದ ಹೆಸರು, ಇದ್ದರೂ ಇರಬಹುದು ಅಂದುಕೊಂಡು ಮುಂದೆ ಹೋಗಿದ್ದೆ. ಫಾರ್ಮಸಿಯಲ್ಲಿ ಹೀಗೆ ಮಾಡಿದ್ದರೆ ಕೆಲಸ ಹೋಗುತ್ತಿತ್ತು. ಅನುಮಾನ ಬಂದರೆ ಡಾಕ್ಟರಿಗೆ ಫೋನ್ ಮಾಡು, ಊಹೆ ಮಾಡಬೇಡ ಅನ್ನುವುದು ಅಲ್ಲಿ ಮೊದಲ ದಿನದ ಪಾಠ. ಆ ಕಾಗದ ಬರೆದ 1866ರ ಗುಮಾಸ್ತನಿಗೆ ಫೋನ್ ಮಾಡುವ ಹಾಗಿಲ್ಲ. ಅದಕ್ಕೇ ಬೇರೆ ದಾರಿಗಳನ್ನು ಕಲಿಯಬೇಕಾಯಿತು. ಈ ಕೆಲಸಕ್ಕೆ ಹೊಸದಾಗಿ ಕೈಹಾಕುವವರಿಗೆ ಅವನ್ನೇ ಬರೆಯುತ್ತಿದ್ದೇನೆ.

ಮೊದಲು, ಇದು ಯಾವ ಕೆಲಸ ಅಂತ ಹೇಳಿಬಿಡುತ್ತೇನೆ. ಅಮೆರಿಕದ ಕಪ್ಪು ಜನರ ಚರಿತ್ರೆಗೆ ಸೇರಿದ ಲಕ್ಷಾಂತರ ಕೈಬರಹದ ಕಾಗದಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಆದರೆ ಸ್ಕ್ಯಾನ್ ಅಂದರೆ ಬರೀ ಚಿತ್ರ. ಹೆಸರು ಹಾಕಿ ಹುಡುಕಿದರೆ ಸಿಗುವುದಿಲ್ಲ. ಯಾರಾದರೂ ಕೂತು ನೋಡಿ ಟೈಪ್ ಮಾಡಬೇಕು. ಆ ‘ಯಾರಾದರೂ’ ನಾವು. ಅಮೆರಿಕದ ದೊಡ್ಡ ಮ್ಯೂಸಿಯಂಗಳನ್ನು ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆಯ ಟ್ರಾನ್ಸ್‌ಕ್ರಿಪ್ಷನ್ ಸೆಂಟರ್ 2013ರಿಂದ ಇದೆ. ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಬೈ ದ ಪೀಪಲ್’ 2018ರಲ್ಲಿ ಶುರುವಾಯಿತು. ಎರಡೂ ಉಚಿತ, ಎಲ್ಲಿ ಕೂತಾದರೂ ಮಾಡಬಹುದು.

ವರ್ಷವಿಡೀ ಮಾಡಬಹುದಾದರೂ ಫೆಬ್ರವರಿ 14ಕ್ಕೆ ಇದು ಹಬ್ಬದ ಹಾಗೆ ನಡೆಯುತ್ತದೆ. ಅದು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ಹೋರಾಡಿದ ಕಪ್ಪು ನಾಯಕ ಫ್ರೆಡರಿಕ್ ಡಗ್ಲಸ್ ಹುಟ್ಟುಹಬ್ಬ. ಅಂದರೆ ಅವರೇ ಆರಿಸಿಕೊಂಡ ಹುಟ್ಟುಹಬ್ಬ. ಗುಲಾಮಗಿರಿಯಲ್ಲಿ ಹುಟ್ಟಿದ ಅವರಿಗೆ ತಾರೀಖು ಗೊತ್ತಿರಲಿಲ್ಲ. ಅವರು 1895ರಲ್ಲಿ ತೀರಿಕೊಂಡ ಮೇಲೆ, ವಾಷಿಂಗ್ಟನ್ನಿನ ಶಾಲಾ ಮಂಡಳಿಯಲ್ಲಿದ್ದ ಮೇರಿ ಚರ್ಚ್ ಟೆರೆಲ್ 1897ರಲ್ಲಿ ಆ ದಿನವನ್ನು ಕಪ್ಪು ಮಕ್ಕಳ ಶಾಲೆಗಳಲ್ಲಿ ಡಗ್ಲಸ್ ಡೇ ಅಂತ ಆಚರಿಸುವ ಹಾಗೆ ಮಾಡಿದರು. ಇತಿಹಾಸಕಾರ ಕಾರ್ಟರ್ ವುಡ್ಸನ್ 1926ರಲ್ಲಿ ಕಪ್ಪು ಜನರ ಚರಿತ್ರೆಯ ವಾರ ಶುರುಮಾಡುವಾಗ ಫೆಬ್ರವರಿಯನ್ನೇ ಆರಿಸಿದ್ದಕ್ಕೂ ಈ ತಾರೀಖು ಒಂದು ಕಾರಣ. ಆ ವಾರವೇ ಬೆಳೆದು ಈಗಿನ ಬ್ಲ್ಯಾಕ್ ಹಿಸ್ಟರಿ ತಿಂಗಳಾಗಿದೆ. ಡಗ್ಲಸ್ ಡೇ ನಡುವೆ ಮರೆತುಹೋಗಿತ್ತು. ಕಪ್ಪು ಜನರು ಹತ್ತೊಂಬತ್ತನೇ ಶತಮಾನದಲ್ಲಿ ನಡೆಸಿದ ಸಮಾವೇಶಗಳ ದಾಖಲೆ ಕೂಡಿಹಾಕುವ ಕಲರ್ಡ್ ಕನ್ವೆನ್ಷನ್ಸ್ ಪ್ರಾಜೆಕ್ಟ್‌ನವರು ಅದಕ್ಕೆ ಮತ್ತೆ ಜೀವ ಕೊಟ್ಟರು. ಈಗ ಪ್ರತಿ ವರ್ಷ ಆ ದಿನ ಶಾಲೆ, ಚರ್ಚು, ಲೈಬ್ರರಿಗಳಲ್ಲಿ ಜನ ಒಟ್ಟಾಗಿ ಕೂತು ಟೈಪ್ ಮಾಡುತ್ತಾರೆ. 2020ರಲ್ಲಿ ಕಪ್ಪು ಶಿಕ್ಷಕಿ, ಲೇಖಕಿ ಆನಾ ಜೂಲಿಯಾ ಕೂಪರ್ ಕಾಗದಗಳು, 2021ರಲ್ಲಿ ಟೆರೆಲ್ ಅವರ ಕಾಗದಗಳೇ, 2024ರಲ್ಲಿ ಡಗ್ಲಸ್ ಅವರಿಗೆ ಬಂದ ಪತ್ರಗಳು. ಕೇಕ್ ಕತ್ತರಿಸುವುದೂ ಉಂಟು.

ನಾನು ಬಾಲ್ಟಿಮೋರ್ ಹತ್ತಿರ ಇರುವವಳು. ನನ್ನನ್ನು ಇದಕ್ಕೆ ಎಳೆದು ತಂದವರು ನಮ್ಮ ಬೀದಿಯ ಕೊನೆಯ ಮನೆಯಲ್ಲಿರುವ ಒಬ್ಬರು ಹಿರಿಯರು. ಕಪ್ಪು ಅಮೆರಿಕನ್, ನಿವೃತ್ತ ಟೀಚರ್. ಅವರು ತಮ್ಮ ಮನೆತನದ ಹಿಂದಿನ ತಲೆಮಾರುಗಳನ್ನು ಹುಡುಕುತ್ತಾ 1870ರವರೆಗೆ ಹೋಗಿ ನಿಂತಿದ್ದರು. ಅಲ್ಲಿ ಬಹಳ ಜನ ನಿಲ್ಲುತ್ತಾರೆ. ಯಾಕೆಂದರೆ ಗುಲಾಮರಾಗಿದ್ದವರ ಹೆಸರು ದೇಶದ ಜನಗಣತಿಯಲ್ಲಿ ಬಂದದ್ದೇ 1870ರಲ್ಲಿ. ಅದಕ್ಕೂ ಹಿಂದೆ, 1850 ಮತ್ತು 1860ರಲ್ಲಿ ಗುಲಾಮರದ್ದೇ ಬೇರೆ ಪಟ್ಟಿ. ಮೇಲೆ ಯಜಮಾನನ ಹೆಸರು. ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಅಷ್ಟೇ. ಹೆಸರಿನ ಜಾಗವೇ ಇಲ್ಲ ಅನ್ನಬಹುದು.

ಈ ನಡುವಿನ ಕಾಲಕ್ಕೆ ಸೇತುವೆ ಅಂದರೆ ಫ್ರೀಡ್‌ಮೆನ್ಸ್ ಬ್ಯೂರೋ ಕಾಗದಗಳು. 1865ರ ಮಾರ್ಚಿನಲ್ಲಿ, ಅಂತರ್ಯುದ್ಧ ಮುಗಿಯುವ ಹೊತ್ತಿಗೆ, ಬಿಡುಗಡೆಯಾದವರ ನೆರವಿಗೆ ಅಂತ ಯುದ್ಧ ಇಲಾಖೆಯ ಕೆಳಗೆ ತೆರೆದ ಕಚೇರಿ ಅದು. 1872ರಲ್ಲಿ ಮುಚ್ಚಿತು. ಆ ಏಳು ವರ್ಷದಲ್ಲಿ ಅಲ್ಲಿನ ಗುಮಾಸ್ತರು ಕೂಲಿ ಕರಾರು, ಮದುವೆ ದಾಖಲೆ, ರೇಷನ್ ಪಟ್ಟಿ, ಆಸ್ಪತ್ರೆ ಲೆಕ್ಕ, ದೂರು ಎಲ್ಲವನ್ನೂ ಬರೆದಿಟ್ಟರು. ಜನರ ಹೆಸರು ಹಾಕಿ ಬರೆದರು. ಸುಮಾರು 17 ಲಕ್ಷ ಚಿತ್ರಗಳಿವೆ. ಸೂಚಿ ಮಾಡುವ ಕೆಲಸ, ಅಂದರೆ ಹೆಸರು, ತಾರೀಖು ಹೆಕ್ಕಿ ಪಟ್ಟಿ ಮಾಡುವುದು, 2016ಕ್ಕೆ ಮುಗಿದಿದೆ. ಅದಕ್ಕೆ 25,000ಕ್ಕೂ ಹೆಚ್ಚು ಜನ ಕೈಜೋಡಿಸಿದ್ದರು. ನಾವು ಮಾಡುವುದು ಅದರ ಮುಂದಿನದು. ಕಾಗದದಲ್ಲಿರುವ ಪ್ರತಿ ಮಾತನ್ನೂ ಇಳಿಸುವುದು.

ಈಗ ಕೆಲಸಕ್ಕೆ ಬರೋಣ.

ಮೊದಲ ದಿನ ಏನೂ ಟೈಪ್ ಮಾಡಬೇಡಿ. ಬೇರೆಯವರು ಮುಗಿಸಿದ, ಪರಿಶೀಲನೆಯೂ ಆದ ಹತ್ತು ಪುಟ ತೆರೆಯಿರಿ. ಪಕ್ಕದಲ್ಲಿ ಚಿತ್ರ ಇರುತ್ತದೆ. ಎರಡನ್ನೂ ಸಾಲು ಸಾಲಾಗಿ ಹೋಲಿಸಿ. ಅರ್ಧ ಗಂಟೆಯಲ್ಲಿ ಕಣ್ಣು ಪಳಗುತ್ತದೆ. ಆ ಯೋಜನೆಯ ನಿಯಮಗಳ ಪುಟವನ್ನೂ ಒಮ್ಮೆ ಓದಿ. ಒಂದೊಂದು ಕಡೆ ಒಂದೊಂದು ನಿಯಮ. ಓದೋಕಾಗದ ಪದಕ್ಕೆ ಸ್ಮಿತ್ಸೋನಿಯನ್‌ನಲ್ಲಿ [[?]] ಹಾಕಬೇಕು. ಬೇರೆ ಕಡೆ ಗುರುತು ಬೇರೆ.

ಶುರುವಿಗೆ ರಿಜಿಸ್ಟರ್ ಪುಸ್ತಕ ಆರಿಸಬೇಡಿ. ಕಾಲಂಗಳು, ಗೆರೆಗಳು, ತಲೆ ಕೆಡುತ್ತದೆ. ಪತ್ರ ಆರಿಸಿ. ಪತ್ರಕ್ಕೆ ಒಂದು ನಡಿಗೆ ಇರುತ್ತದೆ, ಒಂದು ಪದ ಸಿಗದಿದ್ದರೆ ಅಕ್ಕಪಕ್ಕದ ಪದ ಹೇಳಿಕೊಡುತ್ತದೆ. ಹೆಸರುಗಳಿಗೆ ಮಾತ್ರ ಆ ಸಹಾಯ ಸಿಗುವುದಿಲ್ಲ. ಅದು ಆಮೇಲೆ.

ಕೂಡಿಸಿ ಬರೆದ ಇಂಗ್ಲಿಷ್ ಓದೋಕೆ ಬರದವರೂ ಇದ್ದಾರೆ. ನನ್ನ ಮಗ ಇಲ್ಲೇ ಹುಟ್ಟಿ ಬೆಳೆದವನು, ಅವನ ಶಾಲೆಯಲ್ಲಿ ಕರ್ಸಿವ್ ಕಲಿಸಲೇ ಇಲ್ಲ. ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ದಿನಕ್ಕೊಂದು ಪುಟ ತೀಡಿದ ನಮ್ಮಂಥವರಿಗೆ ಇಲ್ಲಿ ಸ್ವಲ್ಪ ಹೆಚ್ಚುಗಾರಿಕೆ. ಅವನಂಥವರಿಗೆ ಅಚ್ಚಾದ ಕಾಗದಗಳೂ ಇವೆ. ವಿಲನೋವಾ ವಿಶ್ವವಿದ್ಯಾಲಯದ ‘ಲಾಸ್ಟ್ ಸೀನ್’ ಯೋಜನೆ ನೋಡಿ. ಗುಲಾಮಗಿರಿಯಲ್ಲಿ ಮಾರಾಟವಾಗಿ ಚದುರಿಹೋದ ಮಕ್ಕಳನ್ನು, ತಾಯಿಯನ್ನು, ಅಣ್ಣನನ್ನು ಹುಡುಕಿಕೊಂಡು ಜನ ಪತ್ರಿಕೆಗಳಲ್ಲಿ ಕೊಟ್ಟ ಜಾಹೀರಾತುಗಳು ಅವು. ಕ್ರಿಶ್ಚಿಯನ್ ರೆಕಾರ್ಡರ್ ಅನ್ನುವ, ಕಪ್ಪು ಜನರ ಚರ್ಚಿನ ಪತ್ರಿಕೆಯಲ್ಲಿ ಇಂಥವು ಬಹಳ ಬರುತ್ತಿದ್ದವು. ಇದನ್ನು ಪಾದ್ರಿಗಳು ದಯವಿಟ್ಟು ತಮ್ಮ ಸಭೆಯಲ್ಲಿ ಓದಿ ಹೇಳಬೇಕು ಅನ್ನುವ ಕೋರಿಕೆ ಕೆಲವದರ ಕೊನೆಗೆ ಇರುತ್ತದೆ. ಓದು ಬಾರದವರ ಕಿವಿಗಾದರೂ ಬೀಳಲಿ ಅಂತ.

ಪತ್ರ ತೆರೆದ ಮೇಲೆ ಮೊದಲ ಸಾಲಿನಿಂದ ಟೈಪ್ ಮಾಡಲು ಹೋಗಬೇಡಿ. ಮೊದಲು ‘ಸರ್’ ಹುಡುಕಿ. ಬ್ಯೂರೋ ಪತ್ರಗಳು ಹೆಚ್ಚಾಗಿ ‘ಸರ್’ ಅಥವಾ ‘ಜನರಲ್’ ಅಂತಲೇ ಶುರು. ಆ ಗುಮಾಸ್ತ ದೊಡ್ಡ ಎಸ್ ಹೇಗೆ ಬರೆಯುತ್ತಾನೆ ಅಂತ ಅಲ್ಲೇ ಗೊತ್ತಾಗುತ್ತದೆ. ಆ ಕಾಲದ ಕೈಬರಹದಲ್ಲಿ ದೊಡ್ಡ ಎಸ್, ಎಲ್ ಎರಡೂ ಒಂದೇ ಥರ ಕೊಕ್ಕೆ ಹಾಕಿ ಕೆಳಗೆ ಸುತ್ತು ಬರುತ್ತವೆ. ಟಿ ಮತ್ತು ಎಫ್ ಕೂಡ ಹಾಗೇ ಅವಳಿ ಮಕ್ಕಳು. ನಾನು ಲ್ಯಾಮ್ ಅಂತ ಓದಿದ ಪುಟದಲ್ಲಿ ಮೇಲೆಯೇ ‘ಸರ್’ ಇತ್ತು. ಅದೇ ಕೊಕ್ಕೆ, ಅದೇ ಸುತ್ತು. ನೋಡಿದ್ದರೆ ಸಾಕಿತ್ತು.

ಆಮೇಲೆ ಕೊನೆಗೆ ಹೋಗಿ. ಸಹಿಯ ಮೇಲೆ ‘ವೆರಿ ರೆಸ್ಪೆಕ್ಟ್‌ಫುಲಿ, ಯುವರ್ ಒಬೀಡಿಯಂಟ್ ಸರ್ವೆಂಟ್’ ಇರುತ್ತದೆ. ನಾವು ಶಾಲೆಯಲ್ಲಿ ರಜಾ ಅರ್ಜಿಗೆ ಬರೆಯುತ್ತಿದ್ದೆವಲ್ಲ, ಅದರ ಅಜ್ಜ. ಎಷ್ಟೋ ಸಲ ಅದು ‘ಒಬಿಟಿ ಸರ್ವಿಟಿ’ ಅಂತ ಮುದುಡಿಕೊಂಡಿರುತ್ತದೆ, ಕೊನೆಯ ಅಕ್ಷರ ಮೇಲೆ ಪುಟ್ಟದಾಗಿ. ಏನಿರುತ್ತದೆ ಅಂತ ಮೊದಲೇ ಗೊತ್ತಿರುವ ಸಾಲು ಇದು. ಹಾಗಾಗಿ ಅವನ ವಿ, ಆರ್, ವೈ ಎಲ್ಲ ಇಲ್ಲಿ ಬಿಟ್ಟಿ ಸಿಗುತ್ತವೆ. ನಾನು ಒಂದು ಚೀಟಿಯಲ್ಲಿ ಆ ಅಕ್ಷರಗಳನ್ನು ಹಾಗೇ ಬರೆದುಕೊಂಡು ಕೀಬೋರ್ಡಿನ ಪಕ್ಕ ಇಟ್ಟುಕೊಳ್ಳುತ್ತೇನೆ. ಗುಮಾಸ್ತ ಬದಲಾದರೆ ಚೀಟಿಯೂ ಬದಲು.

ಪದೇ ಪದೇ ಎಡವುವ ಜಾಗಗಳು ಇನ್ನೂ ಕೆಲವು ಇವೆ. ಒಂದು ಪದದಲ್ಲಿ ಎರಡು ಎಸ್ ಒಟ್ಟಿಗೆ ಬಂದರೆ ಮೊದಲನೆಯದನ್ನು ಉದ್ದ ಎಳೆದು ಎಫ್ ಥರ ಬರೆಯುವ ರೂಢಿ ಆಗ ಇನ್ನೂ ಇತ್ತು. ‘ಮಿಸ್’ ಅನ್ನುವುದು ‘ಮಿಫ್ಸ್’ ಅಂತ ಕಾಣುತ್ತದೆ. ಡಬ್ಲ್ಯೂ ಬರೆದು ಮೇಲೆ ಪುಟ್ಟ ಎಂ ಇಟ್ಟರೆ ವಿಲಿಯಂ. ಜೆ ಎನ್ ಓ ಅಂದರೆ ಜಾನ್. ಇದನ್ನು ಜೊನಾಥನ್ ಅಂದುಕೊಳ್ಳುವವರು ಬಹಳ ಜನ. ‘ಇನ್‌ಸ್ಟ್’ ಅಂದರೆ ಇದೇ ತಿಂಗಳು, ‘ಅಲ್ಟ್’ ಅಂದರೆ ಹೋದ ತಿಂಗಳು. ಪಟ್ಟಿಗಳಲ್ಲಿ ‘ಡಿ ಓ’ ಅಂತ ಸಾಲು ಸಾಲಾಗಿ ಕಂಡರೆ ಅದು ‘ಡಿಟ್ಟೊ’, ಮೇಲಿನದ್ದೇ ಅಂತ. ಶಾಯಿ ಇನ್ನೊಂದು ಕಾಟ. ಆಗಿನ ಕಬ್ಬಿಣದ ಶಾಯಿ ಕಾಲ ಕಳೆದಂತೆ ಕಂದು ಬಣ್ಣಕ್ಕೆ ತಿರುಗಿ ಹಿಂಬದಿಗೆ ಮೂಡುತ್ತದೆ. ಅಕ್ಷರದ ನಡುವೆ ಉಲ್ಟಾ ಅಕ್ಷರ ಕಂಡರೆ ಅದು ಅದೇ ಹಾಳೆಯ ಹಿಂಬದಿಯದು, ಬಿಟ್ಟುಬಿಡಿ.

ಇಷ್ಟಾದ ಮೇಲೆ ಟೈಪ್ ಮಾಡಿ. ಹೇಗೆ? ಮಕ್ಕಿಕಾಮಕ್ಕಿ. ಮೂಲದಲ್ಲಿ ನೊಣ ಸತ್ತು ಅಂಟಿದ್ದರೆ ನಕಲಿನಲ್ಲೂ ಒಂದು ನೊಣ ಅಂಟಿಸು ಅಂತ ನಾವು ಹಾಸ್ಯ ಮಾಡುವುದು ಈ ಥರದ ಕೆಲಸವನ್ನೇ. ಇಲ್ಲಿ ಅದೇ ಗುಣ. ತಪ್ಪು ಕಾಗುಣಿತ ಇದ್ದರೆ ತಪ್ಪಾಗಿಯೇ ಇಳಿಸಿ. ಹ್ರಸ್ವ ಮಾಡಿದ ಪದವನ್ನು ಬಿಡಿಸಬೇಡಿ. ಪೂರ್ಣವಿರಾಮ ಇಲ್ಲದಿದ್ದರೆ ಹಾಕಬೇಡಿ. ಒಂದೇ ಹೆಸರು ಮೇಲೆ ಒಂದು ಥರ, ಕೆಳಗೆ ಇನ್ನೊಂದು ಥರ ಇದ್ದರೆ ಎರಡನ್ನೂ ಹಾಗೇ ಬಿಡಿ. ತನ್ನ ಹೆಸರು ಹೇಳಿದವನಿಗೆ ಓದು ಬರುತ್ತಿರಲಿಲ್ಲ. ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದುಕೊಂಡ. ಅದನ್ನು ಸರಿಮಾಡೋಕೆ ನಾವು ಯಾರು?

ಇದು ಬರೀ ಶಿಸ್ತಿನ ಮಾತಲ್ಲ. ಡಗ್ಲಸ್ ಅವರದ್ದೇ ಉದಾಹರಣೆ ಇದೆ. ತಾನು 1817ರಲ್ಲಿ ಹುಟ್ಟಿರಬೇಕು ಅಂತ ಅವರು ಲೆಕ್ಕ ಹಾಕಿಕೊಂಡಿದ್ದರು. ಅವರು ಹುಟ್ಟಿದ್ದು ಮೇರಿಲ್ಯಾಂಡಿನ ಟಾಲ್ಬಟ್ ಕೌಂಟಿಯಲ್ಲಿ, ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಅವರ ಯಜಮಾನನಾಗಿದ್ದ ಆರನ್ ಆಂತೊನಿಯ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಇದೆ. ಫ್ರೆಡರಿಕ್ ಆಗಸ್ಟಸ್, ಹ್ಯಾರಿಯೆಟ್ ಮಗ, ಮುಂದೆ ಎಫ್ ಇ ಬಿ ವೈ ಅಂತ ನಾಲ್ಕಕ್ಷರ, ಮತ್ತೆ 1818. ದನಕರುಗಳ ಲೆಕ್ಕ ಇಟ್ಟ ಹಾಗೆ ಬರೆದ ಸಾಲು. ಫೆಬ್ರವರಿ ಅನ್ನುವುದು ಅವರಿಗೆ ಗೊತ್ತಿಲ್ಲದೆಯೂ ಸರಿಯಾಗಿತ್ತು, ವರ್ಷ ಮಾತ್ರ ಒಂದು ಆಚೆ ಹೋಗಿತ್ತು. ಆ ಪುಸ್ತಕ ಬೆಳಕಿಗೆ ಬರುವ ಹೊತ್ತಿಗೆ ಡಗ್ಲಸ್ ಇರಲಿಲ್ಲ. ಇಂಥ ಒಂದು ಸಾಲು ನಿಮ್ಮ ಮುಂದೆ ಬಂದಾಗ, ಅದರ ಮೇಲೆ ನಿಮ್ಮ ಜಾಣತನ ಬೀಳಬಾರದು. ಅಷ್ಟೇ.

ಹೆಸರುಗಳ ಮಾತಿಗೆ ಬರುತ್ತೇನೆ. ನಾನು ಲ್ಯಾಮ್ ಪ್ರಸಂಗ ಹೇಳಿದಾಗ ಆ ಟೀಚರಮ್ಮ ನಗಲಿಲ್ಲ. ತಾವು ಹೇಗೆ ಹುಡುಕುತ್ತಾರೆ ಅಂತ ತೋರಿಸಿದರು. ಕೌಂಟಿಯ ಹೆಸರು, ಹಳೇ ಯಜಮಾನನ ಮನೆತನದ ಹೆಸರು ಹಾಕಿ ಬಂದ ಪುಟಗಳಲ್ಲಿ ಕಣ್ಣಾಡಿಸುತ್ತಾರೆ. ಪ್ರಶ್ನೆ ಚಿಹ್ನೆ ಕಂಡರೆ ಚಿತ್ರ ತೆರೆದು ತಾವೇ ನೋಡುತ್ತಾರೆ. ಖಚಿತವಾಗಿ ಬರೆದ ಬೇರೆ ಹೆಸರು ಕಂಡರೆ, ಇದು ನಮ್ಮವರಲ್ಲ ಅಂತ ಮುಂದೆ ಹೋಗುತ್ತಾರೆ. ಅಂದರೆ ನಾನು ಹಾಕಿದ ಪ್ರಶ್ನೆ ಚಿಹ್ನೆ ಬಾಗಿಲು ತೆಗೆದಿಡುತ್ತದೆ, ಧೈರ್ಯವಾಗಿ ಹಾಕಿದ ತಪ್ಪು ಹೆಸರು ಬಾಗಿಲು ಹಾಕಿಬಿಡುತ್ತದೆ. ಹಾಗಾಗಿ ಹೆಸರಿನ ವಿಷಯದಲ್ಲಿ ಮೂರು ಸಲ ನೋಡಿ: ಅದೇ ಅಕ್ಷರ ಪುಟದಲ್ಲಿ ಬೇರೆಲ್ಲಿದೆ, ಅದೇ ಹೆಸರು ಹಿಂದಿನ ಮುಂದಿನ ಪುಟದಲ್ಲಿದೆಯಾ, ಕಾಗದದ ಹಿಂಬದಿಯಲ್ಲಿದೆಯಾ. ಹಿಂಬದಿ ಅಂದೆ, ಯಾಕೆಂದರೆ ಆಗ ಪತ್ರವನ್ನು ಮೂರು ಮಡಿಕೆ ಮಾಡಿ, ಹೊರಗೆ ಯಾರಿಂದ, ಯಾವಾಗ, ಏನು ವಿಷಯ ಅಂತ ಇನ್ನೊಬ್ಬ ಗುಮಾಸ್ತ ಬರೆದಿಡುತ್ತಿದ್ದ. ಎಷ್ಟೋ ಸಲ ಒಳಗೆ ಓದೋಕಾಗದ ಹೆಸರು ಹೊರಗೆ ಸ್ಪಷ್ಟವಾಗಿ ಇರುತ್ತದೆ. ಮೂರೂ ಕಡೆ ನೋಡಿ ಆಗಲಿಲ್ಲ ಅಂದರೆ ಪ್ರಶ್ನೆ ಚಿಹ್ನೆ ಹಾಕಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಕೂಲಿ ಕರಾರುಗಳ ಕೊನೆಗೆ ಬಂದಾಗ ನಿಧಾನ ಮಾಡಿ. ಅಲ್ಲಿ ಸಹಿಗಳಿರುತ್ತವೆ. ಎಡಕ್ಕೆ ಮೊದಲ ಹೆಸರು, ಬಲಕ್ಕೆ ಮನೆತನದ ಹೆಸರು, ನಡುವೆ ಒಂದು ಇಂಟು ಗುರುತು. ಅದರ ತಲೆ ಮೇಲೆ ‘ಹಿಸ್’, ಕಾಲ ಕೆಳಗೆ ‘ಮಾರ್ಕ್’. ಅವನ ಗುರುತು ಅಂತ. ಹೆಂಗಸಾದರೆ ‘ಹರ್’. ಹೊಸಬರು ಅದನ್ನು ಅಲಂಕಾರ ಅಂದುಕೊಂಡು ಬಿಟ್ಟುಬಿಡುತ್ತಾರೆ. ನಾನೂ ಒಮ್ಮೆ ಬಿಟ್ಟಿದ್ದೆ. ಇಡೀ ಕಾಗದ ಗುಮಾಸ್ತನ ಕೈಯದು. ಆ ಇಂಟು ಗುರುತು ಮಾತ್ರ ಕೂಲಿಯವನದು. ಕೆಲವು ನೆಟ್ಟಗಿರುತ್ತವೆ, ಕೆಲವು ವಾಲಿರುತ್ತವೆ, ಒಂದರಲ್ಲಿ ಶಾಯಿ ಹನಿ ಬಿದ್ದು ಹರಡಿತ್ತು. ‘ಹಿಸ್’, ಇಂಟು ಗುರುತು, ‘ಮಾರ್ಕ್’, ಮೂರನ್ನೂ ಕ್ರಮವಾಗಿ ಇಳಿಸಿ.

ಕರಾರಿನ ಒಳಗಿನ ಮಾತುಗಳು ಮೂರ್ನಾಲ್ಕು ಕಾಗದ ಮಾಡುವಷ್ಟರಲ್ಲಿ ಬಾಯಿಪಾಠ ಆಗುತ್ತವೆ. ವಾರಕ್ಕೆ ನಾಲ್ಕು ಪೌಂಡ್ ಹಂದಿಮಾಂಸ, ಒಂದು ಪೆಕ್ ಜೋಳದ ಹಿಟ್ಟು. ಪೆಕ್ ಅಂದರೆ ಸುಮಾರು ಒಂಬತ್ತು ಲೀಟರ್ ಅಳತೆ. ಕಾಯಿಲೆ ಬಿದ್ದು ಕೆಲಸಕ್ಕೆ ಬಾರದ ದಿನಕ್ಕೆ ಕೂಲಿ ಕಡಿತ. ಬೆಳೆಯಲ್ಲಿ ಇಷ್ಟು ಪಾಲು. ಬಿಡುಗಡೆ ಅಂದರೆ ಏನು ಸಿಕ್ಕಿತು ಅಂತ ಲೆಕ್ಕ ಹಾಕುತ್ತಾ ಕೂತುಬಿಡುತ್ತೀರಿ, ಟೈಪ್ ಮಾಡುವುದು ಮರೆತುಹೋಗುತ್ತದೆ. ಹೋಗಲಿ, ಕೂತುಕೊಳ್ಳಿ.

ಕಷ್ಟದ ಕಾಗದಗಳೂ ಬರುತ್ತವೆ. ಹೊಡೆತ, ಕೊಲೆ, ಮಕ್ಕಳನ್ನು ಹಿಡಿದಿಟ್ಟುಕೊಂಡದ್ದು, ಎಲ್ಲದರ ದೂರುಗಳು. ಕಪ್ಪು ಜನರನ್ನು ಹೀಯಾಳಿಸುವ ಪದಗಳೂ ಇರುತ್ತವೆ. ಅವನ್ನೂ ಹಾಗೇ ಇಳಿಸಬೇಕು. ಚುಕ್ಕಿ ಹಾಕಿ ಮುಚ್ಚಬಾರದು. ಸಾಕು ಅನ್ನಿಸಿದರೆ ಸೇವ್ ಮಾಡಿ ಎದ್ದುಬಿಡಿ. ರಾತ್ರಿ ಮಲಗುವ ಮುಂಚೆ ಇಂಥ ಪುಟ ತೆರೆಯಬೇಡಿ. ಇದು ನನ್ನ ಅನುಭವದ ಮಾತು.

ಫೆಬ್ರವರಿ 14ಕ್ಕೆ ಗುಂಪಾಗಿ ಮಾಡುವುದಾದರೆ ಕೆಲವು ಸಂಗತಿ. ನಮ್ಮ ಮನೆಯಲ್ಲಿ ಮೊದಲ ವರ್ಷ ಎಂಟು ಜನ, ಎಂಟು ಲ್ಯಾಪ್‌ಟಾಪ್. ಎಲ್ಲರೂ ಅಲ್ಲೇ ಕೂತು ಖಾತೆ ತೆರೆಯೋಕೆ ಹೋಗಿ ಅರ್ಧ ಗಂಟೆ ಹೋಯಿತು. ಹಿಂದಿನ ದಿನವೇ ಮಾಡಿಸಿಬಿಡಿ. ಎರಡನೇ ವರ್ಷ ಜೋಡಿ ಮಾಡಿದೆ. ಇಬ್ಬರಿಗೆ ಒಂದು ಲ್ಯಾಪ್‌ಟಾಪ್, ಒಬ್ಬರು ಓದುವುದು, ಒಬ್ಬರು ಟೈಪ್ ಮಾಡುವುದು, ಪುಟ ಮುಗಿದರೆ ಅದಲು ಬದಲು. ಪುಟಗಳ ಸಂಖ್ಯೆ ಕಡಿಮೆ ಆಯಿತು, ತಪ್ಪು ಇನ್ನೂ ಕಡಿಮೆ ಆಯಿತು. ನನಗೆ ಅದೇ ಸರಿ ಅನ್ನಿಸಿತು. ಯಾವ ಜೋಡಿಗೆ ಯಾವ ಪುಟ ಅಂತ ಮೊದಲೇ ಹಂಚಿ. ಇಲ್ಲದಿದ್ದರೆ ಇಬ್ಬರು ಒಂದೇ ಪುಟಕ್ಕೆ ಬಂದು ಕೂರುತ್ತಾರೆ.

ಜೋರಾಗಿ ಓದುವಾಗ ಒಂದು ಎಚ್ಚರ. ಆ ಹೀನ ಪದ ಬಂದರೆ ಬಾಯಿಬಿಟ್ಟು ಹೇಳಬೇಡಿ. ಬೆರಳಿಟ್ಟು ತೋರಿಸಿ, ಟೈಪ್ ಮಾಡುವವರು ಮಾಡಿಕೊಳ್ಳಲಿ. ಇದನ್ನು ಶುರುವಿನಲ್ಲೇ ಎಲ್ಲರಿಗೂ ಹೇಳಿ. ನಾನು ಹೇಳಿರಲಿಲ್ಲ. ನಮ್ಮವರೊಬ್ಬರು ತಾಳಮದ್ದಳೆ ಅರ್ಥಧಾರಿಯ ಗತ್ತಿನಲ್ಲಿ ಓದುತ್ತಾ ಹೋಗಿ ಆ ಪದವನ್ನೂ ಅದೇ ಗತ್ತಿನಲ್ಲಿ ಓದಿಬಿಟ್ಟರು. ಟೀಚರಮ್ಮ ಅಲ್ಲೇ ಕೂತಿದ್ದರು. ಕೋಣೆ ತಣ್ಣಗಾಯಿತು. ಅವರು ಟೀ ಲೋಟ ಕೆಳಗಿಟ್ಟು, ಮುಂದಿನ ಸಾಲು ಓದಪ್ಪ ಅಂದರು. ಆ ಮನುಷ್ಯ ಆಮೇಲೆ ಇಡೀ ದಿನ ಟೈಪ್ ಮಾಡಿದರೇ ಹೊರತು ಓದಲಿಲ್ಲ.

ಪರಿಶೀಲನೆಗೆ ಖಾತೆ ಬೇಕು, ಸ್ವಲ್ಪ ಅನುಭವವೂ ಬೇಕು. ಇಪ್ಪತ್ತು ಮೂವತ್ತು ಪುಟ ಮಾಡಿದ ಮೇಲೆ ಅದಕ್ಕೆ ಕೈಹಾಕಿ. ಇನ್ನೊಬ್ಬರದ್ದನ್ನು ತಿದ್ದುವಾಗ ಟೈಪ್ ಮಾಡಿದ್ದನ್ನು ಮೊದಲು ಓದಬೇಡಿ. ಓದಿದರೆ ಕಣ್ಣು ಅದನ್ನೇ ನಂಬುತ್ತದೆ. ಮೊದಲು ಚಿತ್ರದ ಸಾಲು, ಆಮೇಲೆ ಟೈಪ್ ಮಾಡಿದ ಸಾಲು. ಫಾರ್ಮಸಿಯಲ್ಲಿ ಮಾತ್ರೆ ಡಬ್ಬಿ ತಾಳೆ ನೋಡುವುದೂ ಹೀಗೇ, ಚೀಟಿ ಮೊದಲು, ಡಬ್ಬಿ ಆಮೇಲೆ.

ಒಂದು ಪುಟವನ್ನು ನೀವೇ ಪೂರ್ತಿ ಮಾಡಬೇಕು ಅಂತಲೂ ಇಲ್ಲ. ಊರು, ತಾರೀಖು, ‘ಸರ್’, ಎರಡು ಸಾಲು. ಅಷ್ಟೇ ಆಯಿತಾ? ಸೇವ್ ಮಾಡಿ ಬಿಡಿ. ಉಳಿದ ಸಾಲುಗಳನ್ನು ನಿಮಗೆ ಗುರುತಿಲ್ಲದ ಯಾರೋ ಒಬ್ಬರು, ಎಲ್ಲೋ ಒಂದು ಕಡೆ ಕೂತು, ನೀವು ಬಿಟ್ಟ ಜಾಗದಿಂದ ಮುಂದುವರಿಸುತ್ತಾರೆ. ನನ್ನ ಸ್ಯಾಮ್‌ನನ್ನು ಸರಿಮಾಡಿದವರು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.